ಬೇಲಿ ಗಿಡ ಅಂದವರ ಎದುರು ಒಂದು ಎಕರೆ ಕಣಗಿಲೆ

2023ರ ಬರ ನಮ್ಮ ಕಡೆಯ ಯಾರೂ ಮರೆತಿರಲಾರರು. ಚಿತ್ರದುರ್ಗ ಜಿಲ್ಲೆಯ ಎಲ್ಲ ತಾಲ್ಲೂಕೂ ಬರದ ಪಟ್ಟಿಯಲ್ಲಿತ್ತು. ಕಾಯಿ ಕಟ್ಟುವ ಮೊದಲೇ ಶೇಂಗಾ ಒಣಗಿತು. ಈರುಳ್ಳಿ ಹಾಕಿದವರು ಬೀಜದ ದುಡ್ಡೂ ಕಾಣಲಿಲ್ಲ. ಅದೇ ವರ್ಷ ಆಯುಧಪೂಜೆಯ ಹಿಂದಿನ ಮೂರು ದಿನ, ದಿನಕ್ಕೆ ಹೆಚ್ಚುಕಡಿಮೆ 30 ಕೆ.ಜಿ. ಕಣಗಿಲೆ ಮೊಗ್ಗು ನನ್ನ ಹೊಲದಿಂದ ದುರ್ಗದ ಮಾರುಕಟ್ಟೆಗೆ ಹೋಯಿತು. ಕೆ.ಜಿ.ಗೆ 280 ರೂಪಾಯಿವರೆಗೂ ಸಿಕ್ಕಿತು. "ಹೊಲಕ್ಕೆ ಬೇಲಿ ಗಿಡ ಹಾಕವನೆ ನೋಡು" ಅಂತ ಐದಾರು ವರ್ಷ ಆಡಿಕೊಂಡವರೇ ದೀಪಾವಳಿ ಮುಗಿದ ಮೇಲೆ ಕಡ್ಡಿ ಕೇಳಿಕೊಂಡು ಬಂದರು. ಬಂದವರಿಗೆಲ್ಲ ಹೇಳಿ ಹೇಳಿ ಸಾಕಾಯಿತು. ಅದಕ್ಕೆ ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ನಮ್ಮ ಹೊಲ ಇರುವುದು ಚಳ್ಳಕೆರೆ ತಾಲ್ಲೂಕು, ಪರಶುರಾಂಪುರದ ಕಡೆ. ಕೆಂಪು ಗರಸು ಮಣ್ಣು. ಎರಡು ಅಡಿ ಅಗೆದರೆ ಕಲ್ಲು. ಬೋರಿನಲ್ಲಿ ಒಂದಿಂಚು ನೀರು, ಬೇಸಿಗೆಯಲ್ಲಿ ಅದೂ ಇಲ್ಲ. ಇಂಥ ನೆಲದಲ್ಲಿ ಸೇವಂತಿಗೆ, ಮಲ್ಲಿಗೆ ಹಾಕಿದರೆ ಗಿಡದ ಜೊತೆ ನಾವೂ ಒಣಗಬೇಕು. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಹಿರಿಯೂರಿನಿಂದ ದಾವಣಗೆರೆವರೆಗೂ ಕಣಗಿಲೆ ನೋಡಿದ್ದೀರಿ ಅಲ್ವಾ? ಲಾರಿ ಹೊಗೆ, ಡಾಂಬರಿನ ಕಾವು ಎಲ್ಲ ತಡೆದುಕೊಂಡು ಹೂ ಬಿಡುತ್ತದೆ. ಇದನ್ನೇ ಯಾಕೆ ಸಾಲಾಗಿ ಹಾಕಬಾರದು ಅಂತ ಬಸ್ಸಿನಲ್ಲಿ ಕೂತಾಗ ಹೊಳೆದದ್ದು.

ಅಪ್ಪ ಒಪ್ಪಲಿಲ್ಲ. "ದನ ಮೇಯದ ಗಿಡ, ಒಲೆಗೆ ಬಾರದ ಕಟ್ಟಿಗೆ. ಅದನ್ನು ತಂದು ಹೊಲದಾಗೆ ಇಡ್ತೀಯೇನಪ್ಪಾ?" ಅಂದರು. ಅವರ ಮಾತಿನಲ್ಲಿ ಸತ್ಯ ಇತ್ತು. ಅದು ನನಗೆ ತಿಳಿದದ್ದು ಮೂರು ವರ್ಷ ಆದ ಮೇಲೆ.

ಮೊದಲ ಸೋಲು 2017ರಲ್ಲಿ. ಒಂದು ನರ್ಸರಿಯಿಂದ 400 ಸಸಿ ತಂದೆ. ಸಸಿಗೆ 20 ರೂಪಾಯಿ, ಟೆಂಪೋ ಬಾಡಿಗೆ ಬೇರೆ. ಎರಡನೇ ವರ್ಷ ಹೂ ಬಂದಾಗ ನೋಡಿದರೆ ಅಷ್ಟೂ ಮುದ್ದೆ ಹೂ, ದಳದ ಮೇಲೆ ದಳ. ನೋಡುವುದಕ್ಕೆ ಚೆಂದ, ಮಾರುವುದಕ್ಕೆ ಆಗುವುದಿಲ್ಲ. ಹಾರ ಕಟ್ಟುವವರಿಗೆ ಬೇಕಾದದ್ದು ಒಂಟಿ ದಳದ ಉದ್ದನೆ ಮೊಗ್ಗು, ಸೂಜಿಗೆ ಸಲೀಸಾಗಿ ಏರಬೇಕು. ಮುದ್ದೆ ಹೂ ಒಣಗಿದರೂ ಉದುರುವುದಿಲ್ಲ. ಕಂದು ಬಣ್ಣಕ್ಕೆ ತಿರುಗಿ ಗೊಂಚಲಿನಲ್ಲೇ ಅಂಟಿಕೊಂಡಿರುತ್ತದೆ. ಗಿಡವೆಲ್ಲ ಸುಟ್ಟ ಹಾಗೆ ಕಾಣುತ್ತದೆ. ಗುಂಡಿ, ಗೊಬ್ಬರ ಎಲ್ಲ ಸೇರಿ 20 ಸಾವಿರದ ಮೇಲೆ ಹೋಯಿತು. ಕಿತ್ತು ಹಾಕಿದೆ. ಅಂದಿನಿಂದ ಹೂ ಕಣ್ಣಾರೆ ನೋಡದ ಗಿಡದಿಂದ ಒಂದು ಕಡ್ಡಿಯನ್ನೂ ತಂದಿಲ್ಲ.

2018ರ ಮುಂಗಾರಿಗೆ ಮತ್ತೆ ಶುರು. ಈ ಸಲ ಕಡ್ಡಿ ನಾನೇ ಆರಿಸಿದೆ. ಎರಡು ಊರಿನ ದೇವಸ್ಥಾನದ ಅಂಗಳ ಮತ್ತು ಒಂದು ಹಳೇ ತೋಟದ ಮನೆ. ತಿಳಿ ಗುಲಾಬಿ, ಕಡು ಕೆಂಪು, ಬಿಳಿ, ಮೂರೂ ಒಂಟಿ ದಳ. ಬೆರಳು ದಪ್ಪ, ಒಂದು ಗೇಣಿಗಿಂತ ಸ್ವಲ್ಪ ಉದ್ದ. ಹಸಿರು ತುದಿ ಬೇಡ, ಪೂರ್ತಿ ಬಲಿತ ಬುಡವೂ ಬೇಡ, ನಡುವಿನದು. ಬೇವಿನ ಮರದ ನೆರಳಿನಲ್ಲಿ ಮರಳು ತುಂಬಿದ ಚೀಲದಲ್ಲಿ ಊರಿದೆ. ಒಂದೂವರೆ ತಿಂಗಳಿಗೆ ನೂರಕ್ಕೆ 80 ಬೇರು ಬಿಟ್ಟವು.

ಬೇರಿನ ವಿಷಯದಲ್ಲಿ ಎಷ್ಟೋ ಆಟ ಆಡಿದ್ದೇನೆ. ಅಂಗಡಿಯ ಬೇರು ಹಾರ್ಮೋನ್ ಪುಡಿ ಅದ್ದಿ 50, ಲೋಳೆಸರದ ರಸ ಅದ್ದಿ 50, ಏನೂ ಇಲ್ಲದೆ 50. ಮೂರರಲ್ಲೂ ನನಗೆ ಫರಕು ಕಾಣಲಿಲ್ಲ. ಪುಡಿಗೆ ಕೊಟ್ಟ ದುಡ್ಡು ದಂಡ. ನಮ್ಮ ಮಗಳು ಸುಮ್ನೆ ನಾಲ್ಕು ಕಡ್ಡಿಯನ್ನು ನೀರಿನ ಬಾಟಲಿಯಲ್ಲಿ ಕಿಟಕಿಗೆ ಇಟ್ಟಿದ್ದಳು. ನಾಲ್ಕೂ ಬೇರು ಬಿಟ್ಟವು! ಆದರೆ ನೀರಿನ ಬೇರು ಬಲು ಮೆತ್ತಗೆ, ಹೊಲಕ್ಕೆ ಇಟ್ಟ ವಾರಕ್ಕೆ ಎರಡು ಹೋದವು. ಗೂಟಿ, ಅಂದರೆ ಗಿಡದಲ್ಲಿರುವ ರೆಂಬೆಗೇ ಮಣ್ಣು ಕಟ್ಟಿ ಬೇರು ಬರಿಸುವುದು, ಅದನ್ನೂ ನೋಡಿದೆ. ಚೆನ್ನಾಗಿ ಬರುತ್ತದೆ, ಆದರೆ ಕಡ್ಡಿಯೇ ಇಷ್ಟು ಸುಲಭವಾಗಿ ಬರುವಾಗ ಆ ಕೆಲಸ ಯಾಕೆ?

ಒಂದು ಎಕರೆಗೆ 8 ಅಡಿ, 6 ಅಡಿ ಲೆಕ್ಕದಲ್ಲಿ 900 ಗಿಡ. ಒಂದೂವರೆ ಅಡಿ ಗುಂಡಿ, ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಇದು ಎಲ್ಲರಿಗೂ ಗೊತ್ತಿರುವುದೇ. ಗಿಡ ಹಿಡಿದವು. ಇಲ್ಲಿಂದ ನನ್ನ ದೊಡ್ಡ ತಪ್ಪು ಶುರುವಾಯಿತು.

ಗಿಡ ಚೆನ್ನಾಗಿ ಬರಲಿ ಅಂತ ಡ್ರಿಪ್ ಎಳೆದು ದಿನಾ ನೀರು ಬಿಟ್ಟೆ. ಯೂರಿಯಾ ಕೊಟ್ಟೆ. ಗಿಡ ಎದೆ ಮಟ್ಟ ಬಂತು, ಎಲೆ ಕಪ್ಪು ಹಸಿರು. ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಎಳೆ ತುದಿಗಳಿಗೆ ಹಳದಿ ಹೇನು ಮುತ್ತಿತು. ಕಾಲು ಕಪ್ಪು, ಮೈ ಅರಿಶಿನದ ಬಣ್ಣ, ಕಡ್ಡಿಯೇ ಕಾಣದಷ್ಟು. ಔಷಧಿ ಹೊಡೆದೆ, ಹತ್ತು ದಿನಕ್ಕೆ ಮತ್ತೆ ಬಂತು. ಮತ್ತೆ ಹೊಡೆದೆ. 2019ರಲ್ಲಿ ಔಷಧಿಗೇ ಏಳೆಂಟು ಸಾವಿರ ಸುರಿದೆ. ಆ ವರ್ಷ ಮಾರಿದ ಹೂವಿನ ದುಡ್ಡು ಅದಕ್ಕೆ ಸಮ ಆಗಿರಬಹುದು. ನೀರು, ಯೂರಿಯಾ ಎರಡೂ ನಿಲ್ಲಿಸಿದ ಮೇಲೆ ಹೇನು ತಾನೇ ಕಡಿಮೆಯಾಯಿತು. ಈಗ ಬಂದರೆ ಮೊದಲು ಜೋರಾಗಿ ನೀರು ಚಿಮ್ಮಿಸಿ ತೊಳೆಯುತ್ತೇನೆ. ಆಮೇಲೂ ಇದ್ದರೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪು. ಅಷ್ಟೇ. ಮಳೆಗಾಲದಲ್ಲಿ ಒಂದು ದಪ್ಪ ಹಸಿರು ಹುಳ ಬರುತ್ತದೆ. ತಲೆ ಹತ್ತಿರ ನೀಲಿ ಕಣ್ಣಿನಂಥ ಎರಡು ಚುಕ್ಕಿ, ಬಾಲಕ್ಕೊಂದು ಕೊಂಬು. ಎರಡೇ ದಿನದಲ್ಲಿ ರೆಂಬೆ ಬೋಳು ಮಾಡುತ್ತದೆ. ಅದನ್ನು ಕೈಯಲ್ಲೇ ಆರಿಸಬೇಕು, ಬೆಳಿಗ್ಗೆ ಬೇಗ ಸಿಗುತ್ತದೆ.

2020ರ ಲಾಕ್‌ಡೌನ್ ಹೊತ್ತಿಗೆ ಗಿಡ ಆಳೆತ್ತರ. ದೇವಸ್ಥಾನ ಮುಚ್ಚಿದ್ದವು, ಮದುವೆ ಇಲ್ಲ, ಹೂ ಕೇಳುವವರಿಲ್ಲ. ಏಪ್ರಿಲ್ ಕೊನೆಯಲ್ಲಿ ಬೇಸರಕ್ಕೆ ಮೂರು ಸಾಲು ಮೊಣಕಾಲು ಮಟ್ಟಕ್ಕೆ ಕಡಿದು ಹಾಕಿದೆ. ಪೂರ್ತಿ ತೆಗೆದು ಸಜ್ಜೆ ಹಾಕೋಣ ಅಂತಲೇ ಇದ್ದೆ. ಮೈ ಹುಷಾರಿಲ್ಲದೆ ಕೆಲಸ ನಿಂತಿತು. ಶ್ರಾವಣಕ್ಕೆ ಹೊಲಕ್ಕೆ ಹೋದರೆ ಕಡಿದ ಮೂರು ಸಾಲು ಗುಲಾಬಿ ಬಣ್ಣಕ್ಕೆ ತಿರುಗಿವೆ. ಕಡಿಯದ ಸಾಲುಗಳಲ್ಲಿ ಮೇಲೆ ತುದಿಗೆ ನಾಲ್ಕು ಹೂ, ಏಣಿ ಇಲ್ಲದೆ ಕೈಗೂ ಸಿಗುವುದಿಲ್ಲ. ಆಗ ಅರ್ಥ ಆಯಿತು. ಕಣಗಿಲೆ ಹೂ ಬಿಡುವುದು ಹೊಸ ಚಿಗುರಿನ ತುದಿಗೆ. ಒಂದು ರೆಂಬೆ ಕಡಿದರೆ ಮೂರು ಚಿಗುರು, ಮೂರು ಗೊಂಚಲು. ಈ ಗಿಡ ನೀರಿಲ್ಲದೆ ಬದುಕುತ್ತದೆ ನಿಜ. ಆದರೆ ಬದುಕುವುದು ಬೇರೆ, ಹೂ ಬಿಡುವುದು ಬೇರೆ. ಬದುಕಲು ಅದಕ್ಕೆ ನಾವು ಬೇಕಿಲ್ಲ. ದುಡ್ಡು ಬರುವಷ್ಟು ಹೂ ಬಿಡಬೇಕಾದರೆ ಕತ್ತರಿ ಬೇಕು, ಸರಿಯಾದ ಹೊತ್ತಿಗೆ ನಾಲ್ಕು ಕೊಡ ನೀರು ಬೇಕು.

ಅದೇ ಕಡಿತ ನಮಗೆ ಒಂದು ಹಸುವಿನ ಜೀವವನ್ನೂ ತೆಗೆಯಿತು. ಕಡಿದ ರೆಂಬೆಯನ್ನು ಬದುವಿನ ಮೇಲೆ ರಾಶಿ ಹಾಕಿದ್ದೆ. ಪಕ್ಕದಲ್ಲೇ ಜೋಳದ ಸೊಪ್ಪೆ. ಗಾಳಿಗೆ ಒಣಗಿದ ಎಲೆ ಸೊಪ್ಪೆಗೆ ಸೇರಿದೆ. ಕಣಗಿಲೆ ಗಿಡವೆಲ್ಲ ವಿಷ. ಹಸಿ ಎಲೆಯನ್ನು ದನ ಮೂಸಿ ಬಿಟ್ಟುಬಿಡುತ್ತವೆ. ಒಣಗಿದ್ದು ಮೇವಿನಲ್ಲಿ ಬೆರೆತರೆ ಅವಕ್ಕೆ ಗೊತ್ತಾಗುವುದಿಲ್ಲ, ವಿಷ ಮಾತ್ರ ಒಣಗಿದರೂ ಹಾಗೇ ಇರುತ್ತದೆ. ರಾತ್ರಿ ಮೇವು ಹಾಕಿದ್ದು ಅವ್ವ. ಬೆಳಿಗ್ಗೆ ಹಸು ಕೆಳಗೆ ಬಿದ್ದಿತ್ತು, ಡಾಕ್ಟರು ಬರುವ ಮೊದಲೇ ಹೋಯಿತು. 40 ಸಾವಿರದ ಹಸು. ದುಡ್ಡಿನ ಮಾತಲ್ಲ, ಅವ್ವ ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲ. ಈ ಬೆಳೆ ಹಾಕುವವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಕಡಿದದ್ದನ್ನು ಅದೇ ದಿನ ಎಣಿಸಿ ಹೊರಕ್ಕೆ ಸಾಗಿಸಿ, ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಸುಡಬೇಡಿ, ಹೊಗೆಯೂ ಕೆಟ್ಟದ್ದು. ನನಗೆ ಒಮ್ಮೆ ಎರಡು ದಿನ ಕಣ್ಣು, ಗಂಟಲು ಉರಿದಿತ್ತು. ಒಲೆಗೆ ಅಂತೂ ಒಂದು ಕಡ್ಡಿಯೂ ಹೋಗಬಾರದು. ಗಿಡದ ಹಾಲು ಕೈಗೆ ತಾಗದಂತೆ ಗ್ಲೌಸ್ ಹಾಕಿ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆದೇ ಊಟಕ್ಕೆ ಕೂರಬೇಕು. ನಮ್ಮ ಹೊಲದಲ್ಲಿ ಹೂ ಬಿಡಿಸುವ ಹೆಣ್ಣುಮಕ್ಕಳು ಸಣ್ಣ ಮಕ್ಕಳನ್ನು ಕರೆತರುವ ಹಾಗಿಲ್ಲ. ಇದೊಂದರಲ್ಲಿ ನಾನು ಕಟ್ಟುನಿಟ್ಟು.

2021ರಿಂದ ಹೊಲವನ್ನು ಮೂರು ಪಾಲು ಮಾಡಿದೆ. ಒಂದು ಪಾಲು ಸಂಕ್ರಾಂತಿ ಆದ ಮೇಲೆ ಸವರುತ್ತೇನೆ, ಏಪ್ರಿಲ್‌ನಿಂದ ಹೂ. ಎರಡನೆಯದು ಜೂನ್ ಕೊನೆಗೆ, ಅದು ದಸರಾಕ್ಕೆ. ಮೂರನೆಯದು ಆಗಸ್ಟ್ ಕೊನೆಗೆ, ಕಾರ್ತಿಕಕ್ಕೆ. ಕಡಿದ ದಿನದಿಂದ ಮೊಗ್ಗಿಗೆ ಸುಮಾರು 80ರಿಂದ 90 ದಿನ, ಚಳಿ ಬಿದ್ದರೆ 100 ದಾಟುತ್ತದೆ. ಮಾರ್ಚ್ ಹೊತ್ತಿಗೆ ಬರುವ ನಾಯಕನಹಟ್ಟಿ ಜಾತ್ರೆಗೆ ಹೊಂದಿಸಲು ಎರಡು ವರ್ಷ ಪ್ರಯತ್ನಪಟ್ಟೆ. ಚಳಿಯಲ್ಲಿ ಚಿಗುರು ನಿಧಾನ, ಎರಡು ಸಲವೂ ಹೂ ತಡವಾಗಿ ಬಂತು. ಅದಿನ್ನೂ ಕೈಗೆ ಬಂದಿಲ್ಲ.

ಕಡಿದ ವಾರ ಎರಡು ಸಲ ಚೆನ್ನಾಗಿ ನೀರು. ಆಮೇಲೆ ಎಂಟು ಹತ್ತು ದಿನಕ್ಕೊಮ್ಮೆ ಗಿಡಕ್ಕೆ ಹತ್ತು ಲೀಟರ್. ಬುಡಕ್ಕೆ ಚಳ್ಳಕೆರೆ ಮಿಲ್ಲುಗಳಿಂದ ತಂದ ಶೇಂಗಾ ಸಿಪ್ಪೆ, ನಾಲ್ಕು ಬೆರಳು ದಪ್ಪ. ಮೊದಲ ಸಲ ಕಾಂಡಕ್ಕೆ ತಾಗಿಸಿ ಹಾಕಿದ್ದೆ, ಗೆದ್ದಲು ಹತ್ತಿ ಮೂವತ್ತು ಗಿಡ ಹಾಳಾದವು. ಈಗ ಒಂದು ಗೇಣು ಬಿಟ್ಟು ಹಾಕುತ್ತೇನೆ. ಕಡಿದ ಹದಿನೈದನೇ ದಿನಕ್ಕೆ ಬುಡಕ್ಕೆ ಇನ್ನೊಂದು ಸುರಿಯುತ್ತೇನೆ. ಅದೇನು, ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆರು ವರ್ಷ ದುಡ್ಡು ಕಳೆದು ಕಲಿತದ್ದು, ಒಂದಾದರೂ ನನ್ನ ಹತ್ತಿರ ಇರಲಿ.

2022ರಲ್ಲಿ ಮಳೆಯ ಕಡೆಯಿಂದ ಹೊಡೆತ ಬಿತ್ತು. 1933ರ ನಂತರ ಮೊದಲ ಸಲ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದ ವರ್ಷ ಅದು. ವೇದಾವತಿ ತುಂಬಿ ಹರಿದಳು. ಊರಿಗೆ ಊರೇ ನೋಡಲು ಹೋಯಿತು, ನಾನೂ ಹೋಗಿ ಕೈ ಮುಗಿದು ಬಂದೆ. ಆದರೆ ಹೊಲದ ಕೆಳಗಿನ ಮೂಲೆಯಲ್ಲಿ ಸ್ವಲ್ಪ ಕಪ್ಪು ಮಣ್ಣಿದೆ, ಅಲ್ಲಿ ಎರಡು ವಾರ ನೀರು ನಿಂತಿತು. 130 ಗಿಡ ಬೇರು ಕೊಳೆತು ಹೋದವು. ಬರ ತಡೆಯುವ ಗಿಡ ನಿಂತ ನೀರು ತಡೆಯಲಿಲ್ಲ. ಈಗ ಆ ಮೂಲೆಯಲ್ಲಿ ಬಸಿಗಾಲುವೆ ತೋಡಿ, ಏರು ಮಡಿ ಮಾಡಿ ಕಣಗಿಲೆ ಇಟ್ಟಿದ್ದೇನೆ.

2023ರಲ್ಲಿ ಬೋರು ದಿನಕ್ಕೆ ಒಂದು ಗಂಟೆ ಮಾತ್ರ. ನಾಲ್ಕು ಸಲ ಟ್ಯಾಂಕರ್ ಹೊಡೆಸಿದೆ, ಒಂದಕ್ಕೆ 700 ರೂಪಾಯಿ. ಆ ವರ್ಷ ಒಟ್ಟು ಮಾರಿದ್ದು ಎರಡು ಲಕ್ಷದ ಮೇಲೆ ಸ್ವಲ್ಪ. ಬಿಡಿಸುವ ಕೂಲಿ ಕೆ.ಜಿ.ಗೆ 30 ರೂಪಾಯಿ, ದೊಡ್ಡ ಖರ್ಚು ಅದೇ. ಮಂಡಿ ಕಮಿಷನ್, ಬಸ್ಸು, ಗೊಬ್ಬರ ಎಲ್ಲ ಕಳೆದು ಕೈಗೆ ಉಳಿದದ್ದು ಒಂದು ಲಕ್ಷದ ಹತ್ತಿರ. ಒಂದು ಎಕರೆ ಗರಸಿನಲ್ಲಿ, ಆ ಬರದಲ್ಲಿ! ನಮ್ಮ ಸುತ್ತಿನಲ್ಲಿ ಬೇರೆ ಯಾರ ಹೊಲವೂ ಅಷ್ಟು ಕೊಡಲಿಲ್ಲ. ಎಲ್ಲ ದಿನ ಆ ರೇಟು ಇರುವುದಿಲ್ಲ ಅನ್ನುವುದೂ ಗೊತ್ತಿರಲಿ. ಆಷಾಢದಲ್ಲಿ 25, 30 ರೂಪಾಯಿಗೆ ಇಳಿದು ಕೂಲಿಯೂ ಹುಟ್ಟದ ದಿನ ಇವೆ. ಆ ದಿನಗಳಲ್ಲಿ ನಾನು ಬಿಡಿಸುವುದೇ ಇಲ್ಲ.

ಬಿಡಿಸುವುದು ಬೆಳಗಿನ ಜಾವ ಐದಕ್ಕೆ, ತಲೆಗೆ ಬ್ಯಾಟರಿ ಕಟ್ಟಿಕೊಂಡು. ಬಣ್ಣ ತುಂಬಿ ಉಬ್ಬಿರಬೇಕು, ಬಾಯಿ ಬಿಟ್ಟಿರಬಾರದು. ಅರಳಿದ್ದಕ್ಕೆ ಅರ್ಧ ರೇಟು. ದುರ್ಗದವರೆಗೆ ಮೊಗ್ಗು ಅರಳದಂತೆ ಒಯ್ಯಲು ನನ್ನದೇ ಒಂದು ಉಪಾಯ ಇದೆ. ಒದ್ದೆ ಗೋಣಿ ಮಾತ್ರ ಸಾಲದು, ಇಷ್ಟು ಹೇಳಬಲ್ಲೆ.

ಜೇನು ಪೆಟ್ಟಿಗೆ ಇಟ್ಟರೆ ಎರಡು ಲಾಭ ಅಂತ ಒಬ್ಬರು ಹೇಳಿದ್ದರು. ಎರಡು ಪೆಟ್ಟಿಗೆ ತಂದೆ. ಕಣಗಿಲೆ ಹೂವಿನಲ್ಲಿ ಮಕರಂದವೇ ಇಲ್ಲ, ಜೇನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಆಚೆ ಹೊಲದ ಸೂರ್ಯಕಾಂತಿಗೆ ಹೋಗಿ ಬರುತ್ತಿದ್ದವು. ಸಾಲುಗಳ ನಡುವೆ ಮೊದಲ ಎರಡು ವರ್ಷ ಹುರುಳಿ ಹಾಕಿದ್ದೆ, ಕಾಳು ಚೆನ್ನಾಗಿ ಬಂತು. ಹಸು ಹೋದ ಮೇಲೆ ಅದನ್ನೂ ಬಿಟ್ಟೆ. ಹೊಟ್ಟಿನಲ್ಲಿ ಒಂದು ಎಲೆ ಸೇರಿದರೂ ಕಷ್ಟ.

2024ರಲ್ಲಿ ಕೇರಳದ ದೇವಸ್ವಂ ಮಂಡಳಿಗಳು ಪ್ರಸಾದ, ನೈವೇದ್ಯಕ್ಕೆ ಈ ಹೂ ಬೇಡ ಅಂದವು. ಅವರ ಭಾಷೆಯಲ್ಲಿ ಇದಕ್ಕೆ ಅರಳಿ ಅನ್ನುತ್ತಾರೆ, ನಮ್ಮ ಅರಳಿ ಮರ ಅಲ್ಲ. ಆ ಸುದ್ದಿ ಬಂದ ವಾರ ಇಬ್ಬರು ವ್ಯಾಪಾರಿಗಳು ಫೋನ್ ಮಾಡಿ ಕೇಳಿದರು. ಅವರ ನಿರ್ಧಾರ ಸರಿ ಅಂತಲೇ ಹೇಳಿದೆ. ನನ್ನ ಹೂ ಹಾರಕ್ಕೆ, ವಾಹನದ ಪೂಜೆಗೆ, ಬಾಗಿಲ ತೋರಣಕ್ಕೆ. ತಿನ್ನುವ ಯಾವುದರ ಮೇಲೂ ಇಡಬೇಡಿ ಅಂತ ಕೊಳ್ಳುವವರಿಗೆ ನಾನೇ ಹೇಳುತ್ತೇನೆ. ಹೀಗೆ ಹೇಳಿದ್ದರಿಂದ ಒಬ್ಬ ಗಿರಾಕಿಯೂ ಕಡಿಮೆ ಆಗಿಲ್ಲ.

ಕಡ್ಡಿ ಬೇಕಾದವರು ಜೂನ್ ಕೊನೆಯ ವಾರ ಬನ್ನಿ, ಸವರುವ ದಿನ ಕತ್ತರಿ ಕೈಯಲ್ಲೇ ಇರುತ್ತದೆ. ದುಡ್ಡು ಬೇಡ. ಯಾವ ಗಿಡದ ಹೂ ಯಾವ ಬಣ್ಣ ಅಂತ ಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದೇನೆ. ಗೋಣಿಚೀಲ ನೀವೇ ತನ್ನಿ, ಆದರೆ ಮೇವು ತುಂಬುವ ಚೀಲ ಬೇಡ.