ಮುಖ ಬಿಗಿಯದಂಥ ಫೇಸ್ ವಾಶ್ ಆರಿಸುವುದು ಹೇಗೆ?

ಮುಖ ತೊಳೆದ ಮೇಲೆ ಕೆನ್ನೆ ಎಳೆದಂತೆ ಬಿಗಿಯಾದರೆ ‘ಚೆನ್ನಾಗಿ ಕ್ಲೀನ್ ಆಯ್ತು’ ಅಂದುಕೊಳ್ಳುವವರೇ ಹೆಚ್ಚು. ಅದು ಕೊಳೆಯ ಜೊತೆ ಚರ್ಮಕ್ಕೆ ಬೇಕಾದ ಜಿಡ್ಡೂ ಹೋಗಿದೆ ಅನ್ನುವುದರ ಗುರುತು. ಯಾವ ಚರ್ಮದವರಿಗೂ ಇದು ಒಳ್ಳೆಯದಲ್ಲ.

ಮೊದಲು ನಿಮ್ಮ ಚರ್ಮ ಯಾವ ಬಗೆಯದು ನೋಡಿಕೊಳ್ಳಿ. ಮುಖ ತೊಳೆದು, ಒತ್ತಿ ಒರೆಸಿ, ಏನೂ ಹಚ್ಚದೆ ಒಂದು ಗಂಟೆ ಬಿಡಿ. ಫ್ಯಾನ್ ಕೆಳಗೋ ಎಸಿಯಲ್ಲೋ ಕೂರಬೇಡಿ, ಎಲ್ಲರ ಚರ್ಮವೂ ಒಣಗಿದಂತೆ ಕಾಣುತ್ತದೆ. ಆಮೇಲೆ ಟಿಶ್ಯೂ ಒತ್ತಿ ನೋಡಿ. ಎಲ್ಲ ಕಡೆ ಜಿಡ್ಡು ಅಂಟಿದರೆ ಎಣ್ಣೆ ಚರ್ಮ. ಹಣೆ, ಮೂಗಿನಲ್ಲಿ ಮಾತ್ರ ಅಂಟಿದರೆ ಮಿಶ್ರ ಚರ್ಮ. ಜಿಡ್ಡೇ ಇಲ್ಲದೆ ಬಿಗಿದರೆ ಒಣ ಚರ್ಮ. ಉರಿ, ಕೆಂಪು ಬೇಗ ಬರುವುದು ಸೂಕ್ಷ್ಮ ಚರ್ಮ. ಇದು ಮೇಲಿನ ಯಾವುದರ ಜೊತೆಗಾದರೂ ಇರಬಹುದು.

ಎಣ್ಣೆ ಚರ್ಮಕ್ಕೆ ಜೆಲ್ ಸರಿ. ಮೊಡವೆಯೂ ಇದ್ದರೆ 0.5ರಿಂದ 2 ಪರ್ಸೆಂಟ್ ಸ್ಯಾಲಿಸಿಲಿಕ್ ಆಸಿಡ್ ಇರುವುದನ್ನು ನೋಡಿ. ಅದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗಿನ ಜಿಡ್ಡಿಗೂ ಇಳಿಯುತ್ತದೆ. ಇಂಥದ್ದನ್ನು ಮೊದಲ ವಾರ ದಿನ ಬಿಟ್ಟು ದಿನ ಬಳಸಿದರೆ ಸಾಕು. ಜಿಡ್ಡು ಕಂಡಾಗಲೆಲ್ಲ ತೊಳೆಯಬೇಡಿ. ದಿನಕ್ಕೆ ಎರಡು ಸಲ, ಬೆವರಿದರೆ ಇನ್ನೊಂದು ಸಲ. ಒಣ ಚರ್ಮಕ್ಕೆ ನೊರೆ ಕಡಿಮೆ ಇರುವ, ಗ್ಲಿಸರಿನ್ ಅಥವಾ ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಜಿಡ್ಡು) ಇರುವ ಕ್ರೀಮ್ ಕ್ಲೆನ್ಸರ್ ಬೇಕು. ಬೆಳಿಗ್ಗೆ ಬರೀ ನೀರಾದರೂ ನಡೆಯುತ್ತದೆ. ಮಿಶ್ರ ಚರ್ಮಕ್ಕೆ ಸೌಮ್ಯವಾದ ಜೆಲ್. ಸೂಕ್ಷ್ಮ ಚರ್ಮದವರು ‘ಫ್ರಾಗ್ರೆನ್ಸ್ ಫ್ರೀ’ ಎಂದಿರುವುದನ್ನೇ ಕೊಳ್ಳಿ. ‘ಅನ್‌ಸೆಂಟೆಡ್’ ಅಂದರೆ ವಾಸನೆ ಗೊತ್ತಾಗದಂತೆ ಬೇರೆ ಪರಿಮಳ ಬೆರೆಸಿರಬಹುದು.

ಮೈ ಸೋಪು ಮುಖಕ್ಕೆ ಬೇಡ. ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ) ಸುಮಾರು 5, ಅಂದರೆ ಸ್ವಲ್ಪ ಹುಳಿ; ಸಾಮಾನ್ಯ ಸೋಪಿನದು 9-10, ಅಂದರೆ ಕ್ಷಾರ. ಬೋರ್‌ವೆಲ್ ನೀರಿನ ಮನೆಗಳಲ್ಲಂತೂ ತೊಂದರೆ ಇನ್ನೂ ಜಾಸ್ತಿ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಕೆಟ್ಟಿನ ಅಂಚಿಗೆ ಬೂದು ಪೊರೆ ಕಟ್ಟುತ್ತದಲ್ಲ, ಅದೇ ಮುಖದ ಮೇಲೂ ಉಳಿಯುತ್ತದೆ. ಸೋಪಿಲ್ಲದ ಕ್ಲೆನ್ಸರುಗಳಲ್ಲಿ ಈ ಪೊರೆ ಬರುವುದಿಲ್ಲ. ತರಿತರಿಯಾದ ಕಡಲೆಹಿಟ್ಟನ್ನು ಮೊಡವೆ ಮೇಲೆ ಉಜ್ಜುವುದೂ ಬೇಡ, ಗಾಯವಾಗಿ ಕಪ್ಪು ಕಲೆ ನಿಲ್ಲುತ್ತದೆ.

ಟ್ಯೂಬಿನ ಮುಂದಿನ ಹಣ್ಣಿನ ಚಿತ್ರ ಬಿಟ್ಟು ಹಿಂದಿನ ಪಟ್ಟಿ ಓದಿ. ಹೆಚ್ಚು ಇರುವ ಪದಾರ್ಥ ಮೊದಲು ಬರುತ್ತದೆ. ನೀರಿನ ನಂತರ ಬೇಗನೇ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಕಟುವಾದ ನೊರೆ ಪದಾರ್ಥ ಕಂಡರೆ ಒಣ, ಸೂಕ್ಷ್ಮ ಚರ್ಮದವರು ಕೆಳಗಿಡಿ. ಅದರ ಬದಲು ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಇದ್ದರೆ ಅದು ಸೌಮ್ಯ.

ಮೊದಲು ಚಿಕ್ಕ ಟ್ಯೂಬ್ ತನ್ನಿ. ಮೊಣಕೈ ಒಳಭಾಗಕ್ಕೆ ದಿನಕ್ಕೆರಡು ಸಲ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಒಂದು ವಾರ ತುರಿಕೆ ಬರದಿದ್ದರೆ ಮುಖಕ್ಕೆ. ಬಟಾಣಿ ಕಾಳಿನಷ್ಟು ಸಾಕು, ಒದ್ದೆ ಮುಖದ ಮೇಲೆ ಬೆರಳಿನಿಂದ ಅರ್ಧ ನಿಮಿಷ. ಕೂದಲಿನ ಅಂಚು, ದವಡೆ ಕೆಳಗೆ ನೊರೆ ಉಳಿದರೆ ಅಲ್ಲೇ ತುರಿಕೆ ಶುರುವಾಗುತ್ತದೆ, ಅಲ್ಲಿಗೆ ಎರಡು ಬೊಗಸೆ ನೀರು ಹೆಚ್ಚಿಗೆ ಹಾಕಿ. ಹಸಿ ಆರುವ ಮೊದಲೇ ಮಾಯಿಶ್ಚರೈಸರ್ ಹಚ್ಚಿ. ಹತ್ತು ನಿಮಿಷವಾದರೂ ಬಿಗಿತ ಹೋಗದಿದ್ದರೆ ಆ ಟ್ಯೂಬ್ ನಿಮಗಲ್ಲ.