ಒಳಗೆ ಹೋಗಲ್ಲ ಅಂದ ಹುಡುಗಿ: ಫ್ರೆಂಚ್ ಬಂಡಾಯ ಸಿನಿಮಾ ನೋಡಿ ಮಾತಾಡುವುದು ಹೇಗೆ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆಯ ಮಹಡಿ ಮೇಲೆ ಒಂದು ಖೋಲಿ ಇದೆ. ಮೇಲೆ ತಗಡು, ಗೋಡೆಗೆ ಬಿಳಿ ಚಾದರ, ಒಂದು ಹಳೆಯ ಪ್ರೊಜೆಕ್ಟರ್. ಎರಡನೇ ಶನಿವಾರ ಸಂಜೆ ಹತ್ತು ಹನ್ನೆರಡು ಜನ ಅಲ್ಲಿ ಸೇರುತ್ತೇವೆ. ಬ್ಯಾಂಕ್ ನೌಕರಿಯಿಂದ ನಿವೃತ್ತಳಾದ ಮೇಲೆ ಇದನ್ನು ಶುರು ಮಾಡಿದೆ. ನೋಡುವುದು ಹೆಚ್ಚಾಗಿ 1960-70ರ ದಶಕದ ಫ್ರೆಂಚ್ ಸಿನಿಮಾ, ಅದರಲ್ಲೂ ಮುಷ್ಕರ, ಯುದ್ಧ, ಕೂಲಿ, ಅಧಿಕಾರದ ಬಗ್ಗೆ ನೇರವಾಗಿ ಮಾತಾಡುವ ಸಿನಿಮಾ. ನಾವೂ ಹೀಗೆ ಕೂಡಬೇಕು, ಹೇಗೆ ಮಾಡೋದು ಅಂತ ಹುಬ್ಬಳ್ಳಿ, ಗದಗ ಕಡೆಯವರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದೆ.

ಮೊದಲ ಸಲ ನಾನು ನಿರ್ದೇಶಕ ಗೊದಾರ್ ಅವರ ‘ಲಾ ಶಿನ್ವಾಜ್’ ಹಾಕಿದ್ದೆ. 1967ರದ್ದು. ಪ್ಯಾರಿಸ್ಸಿನ ಒಂದು ಮನೆಯಲ್ಲಿ ಕೆಲವು ಹುಡುಗ ಹುಡುಗಿಯರು ಮಾವೋನ ಕೆಂಪು ಪುಸ್ತಕ ಓದುತ್ತ ಕ್ರಾಂತಿಯ ಬಗ್ಗೆ ವಾದ ಮಾಡುವ ಕಥೆ. ಸಿನಿಮಾಕ್ಕೆ ಮೊದಲು ನಾನು ನಲವತ್ತು ನಿಮಿಷ ಮಾತಾಡಿದೆ. ಮಾವೋ, ವಿಯೆಟ್ನಾಂ, ಫ್ರಾನ್ಸಿನಲ್ಲಿ ವಿದ್ಯಾರ್ಥಿಗಳು, ಕಾರ್ಮಿಕರು ಬಂಡೆದ್ದ 1968ರ ಮೇ ತಿಂಗಳು, ಎಲ್ಲ ಹೇಳಿದೆ. ಸಿನಿಮಾ ಮುಗಿದ ಮೇಲೆ ಯಾರೂ ಬಾಯಿ ಬಿಡಲಿಲ್ಲ. ಗಣಿತದ ಮಾಸ್ತರ್ ಒಬ್ಬರು “ಭಾಳ ಓದೀರಿ ಅಕ್ಕಾರ” ಅಂದು ಚಪ್ಪಲಿ ಮೆಟ್ಟಿಕೊಂಡರು. ಏನು ಯೋಚಿಸಬೇಕು ಅಂತ ನಾನೇ ಮೊದಲು ಹೇಳಿಬಿಟ್ಟಿದ್ದೆ. ಅವರಿಗೆ ಹೇಳಲು ಏನೂ ಉಳಿದಿರಲಿಲ್ಲ.

ಹಾಗಾಗಿ ಗೊದಾರ್‌ನಿಂದ ಶುರು ಮಾಡಬೇಡಿ. ಹತ್ತು ನಿಮಿಷದ ಒಂದು ಚಿತ್ರದಿಂದ ಶುರು ಮಾಡಿ. ಪ್ಯಾರಿಸ್ ಪಕ್ಕದ ಸೆಂತ್-ಉಆನ್ ಊರಿನಲ್ಲಿ ವಂಡರ್ ಅನ್ನೋ ಬ್ಯಾಟರಿ ಕಾರ್ಖಾನೆ ಇತ್ತು. 1968ರ ಜೂನ್‌ನಲ್ಲಿ ಮುಷ್ಕರ ಮುಗಿದು ಎಲ್ಲರೂ ಕೆಲಸಕ್ಕೆ ವಾಪಸ್ ಹೋಗುತ್ತಿದ್ದಾರೆ. ಸಿನಿಮಾ ಶಾಲೆಯ ವಿದ್ಯಾರ್ಥಿಗಳು ಗೇಟಿನ ಹೊರಗೆ ಕ್ಯಾಮೆರಾ ಹಿಡಿದು ನಿಂತಿದ್ದಾರೆ. ಒಬ್ಬ ಹುಡುಗಿ ಅಳುತ್ತ, ಕೂಗುತ್ತ, ಆ ಹೊಲಸಿನೊಳಗೆ ನಾನು ಮತ್ತೆ ಕಾಲಿಡಲ್ಲ ಅನ್ನುತ್ತಾಳೆ. ಯೂನಿಯನ್ ಮುಖಂಡರು ಇದು ಗೆಲುವು, ಒಳಗೆ ಹೋಗು ಅಂತ ಸಮಾಧಾನ ಮಾಡುತ್ತಾರೆ. ಅಷ್ಟೇ ಸಿನಿಮಾ.

ಇದನ್ನು ಅರ್ಥ ಮಾಡಿಕೊಳ್ಳಲು ಯಾವ ಪುಸ್ತಕವೂ ಬೇಕಿಲ್ಲ. ಎಲ್ಲಿ, ಯಾವಾಗ, ಯಾರು ಅಂತ ಎರಡು ನಿಮಿಷ ಹೇಳಿ ಸುಮ್ಮನಾಗಿ.

ಭಾಷೆಯ ವಿಷಯ ಸಣ್ಣದಲ್ಲ. ಇಂಗ್ಲಿಷ್ ಸಬ್‌ಟೈಟಲ್ ಓದುವ ವೇಗ ಎಲ್ಲರಿಗೂ ಇರುವುದಿಲ್ಲ. ಇರದವರು ಅದನ್ನು ಬಾಯಿ ಬಿಟ್ಟು ಹೇಳುವುದೂ ಇಲ್ಲ, ಸುಮ್ನೆ ಕೂತು ಎದ್ದು ಹೋಗುತ್ತಾರೆ. ಸಬ್‌ಟೈಟಲ್ ಬೇರೆ ಫೈಲ್ ಆಗಿ ಸಿಕ್ಕರೆ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಸಮಯದ ಅಂಕಿಗಳನ್ನು ಮುಟ್ಟಬೇಡಿ. ಇಂಗ್ಲಿಷ್ ಸಾಲು ಅಳಿಸಿ ಆ ಜಾಗದಲ್ಲಿ ಕನ್ನಡ ಬರೆದು, ಕನ್ನಡ ಅಕ್ಷರ ಕೆಡದ ಹಾಗೆ ಯುಟಿಎಫ್-8 ಎನ್‌ಕೋಡಿಂಗ್ ಆರಿಸಿ ಉಳಿಸಿ. ಹತ್ತು ನಿಮಿಷದ ಚಿತ್ರಕ್ಕೆ ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಉದ್ದ ಸಿನಿಮಾ ಆದರೆ ಒಬ್ಬರು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳಲಿ. ಜುಲೈನಲ್ಲಿ ಮಾತ್ರ ಇದು ಆಗದು. ಧಾರವಾಡದ ಮಳೆ ತಗಡಿನ ಮೇಲೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ.

ಸಿನಿಮಾ ಮುಗಿದ ಕೂಡಲೇ ಚಹಾ ಕೊಡಬೇಡಿ. ಗಿರ್ಮಿಟ್ ತಟ್ಟೆ ಕೈಗೆ ಬಂದರೆ ಮಾತು ಮಗಳ ಮದುವೆಗೆ, ಪ್ಲಾಟಿನ ರೇಟಿಗೆ ಹೋಗುತ್ತದೆ. ಒಂದೊಂದು ಚೀಟಿ ಕೊಟ್ಟು, ಕಣ್ಣಿಗೆ ಕಂಡ ಒಂದು ವಸ್ತು ಅಥವಾ ಒಂದು ಮುಖದ ಬಗ್ಗೆ ಒಂದೇ ಸಾಲು ಬರೆಯಿರಿ ಅನ್ನಿ. ಅಭಿಪ್ರಾಯ ಬೇಡ, ಕಂಡದ್ದು ಸಾಕು. ಐದು ನಿಮಿಷ. ಆಮೇಲೆ ಆ ಚೀಟಿಗಳನ್ನೇ ಓದುತ್ತ ಮಾತು ಬೆಳೆಸಿ.

ವಂಡರ್ ಚಿತ್ರ ಹಾಕಿದ ದಿನ ನಮ್ಮ ಕೆಳಗಿನ ಮನೆಯ ತಂಗಿ ಪಾತ್ರೆ ವಾಪಸ್ ಕೊಡಲು ಮೇಲೆ ಬಂದವಳು ಹಾಗೇ ಕೂತಳು. ಅವಳು ಹುಬ್ಬಳ್ಳಿಯಲ್ಲಿ ಗಾರ್ಮೆಂಟ್ ಕೆಲಸ ಮಾಡಿದವಳು. ವಕೀಲರೊಬ್ಬರು ಆಗಲೇ ಯೂನಿಯನ್ ಮತ್ತು ಎಡಪಂಥದ ಒಡಕಿನ ಬಗ್ಗೆ ಶುರು ಮಾಡಿದ್ದರು. ಅವಳ ಚೀಟಿಯಲ್ಲಿ ಇದ್ದದ್ದು ಇಷ್ಟು: “ಅಕಿ ಸುತ್ತ ನಿಂತು ಬುದ್ಧಿ ಹೇಳೋರೆಲ್ಲ ಗಂಡಸರು. ಅಕಿ ಮೈಗೆ ಕೈ ಹಾಕಿ ಮಾತಾಡ್ತಾರ.” ನಾನು ಆ ಚಿತ್ರವನ್ನು ಆರು ಸಲ ನೋಡಿದ್ದೆ. ನನಗೆ ಇದು ಕಂಡಿರಲಿಲ್ಲ. ಮತ್ತೆ ಹಾಕಿ ನೋಡಿದೆವು. ಆ ಸಂಜೆ ಇಡೀ ಆ ಒಂದು ಸಾಲಿನ ಸುತ್ತಲೇ ಮಾತಾಡಿದೆವು.

ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡೆವು. ಪರದೆ ಮೇಲೆ ಯಾರ ಕೆಲಸ ಕಾಣುತ್ತದೋ ಆ ಕೆಲಸ ಗೊತ್ತಿದ್ದವರು ಮೊದಲು ಮಾತಾಡಬೇಕು. ಪುಸ್ತಕ ಓದಿದವರು ಕಡೆಗೆ. ಕಡೆಗೆ ಮಾತಾಡುವವರಲ್ಲಿ ನಾನೂ ಒಬ್ಬಳು.

ಇದಕ್ಕೆ ಆಧಾರವೂ ಇದೆ. 1967ರಲ್ಲಿ ಫ್ರಾನ್ಸಿನ ಬೆಸಾನ್ಸೋನ್ ಊರಿನ ರೋಡಿಯಾಸೆಟಾ ಜವಳಿ ಕಾರ್ಖಾನೆಯಲ್ಲಿ ಮುಷ್ಕರ ಆಯಿತು. ಕ್ರಿಸ್ ಮಾರ್ಕರ್ ಮತ್ತು ಮಾರಿಯೊ ಮಾರೆ ಎಂಬ ನಿರ್ದೇಶಕರು ಅದರ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದರು. 1968ರಲ್ಲಿ ಅದನ್ನು ಅದೇ ಕಾರ್ಮಿಕರಿಗೆ ತೋರಿಸಿದಾಗ ಅವರು ಹೊಗಳಲಿಲ್ಲ, ಬೈದರು. ನಮ್ಮನ್ನು ಸರಿಯಾಗಿ ತೋರಿಸಿಲ್ಲ ಅಂದರು. ಮಾರ್ಕರ್ ಸಿಟ್ಟಾಗಲಿಲ್ಲ. ಹಾಗಾದರೆ ನಿಮ್ಮ ಸಿನಿಮಾ ನೀವೇ ಮಾಡಬೇಕು ಅಂದರು. ಕಾರ್ಮಿಕರು ಕ್ಯಾಮೆರಾ ಕಲಿತು, ಸೋವಿಯತ್ ನಿರ್ದೇಶಕ ಮೆದ್ವೆದ್ಕಿನ್ ಹೆಸರಿನಲ್ಲಿ ಒಂದು ಗುಂಪು ಕಟ್ಟಿಕೊಂಡರು. ಮೊದಲ ಚಿತ್ರದಲ್ಲಿ ಗಂಡನ ಪಕ್ಕ ಕೂತಿದ್ದ ಸುಜಾನ್ ಎಂಬ ಹೆಣ್ಣುಮಗಳು ಅವರ 1969ರ ಚಿತ್ರದಲ್ಲಿ ತಾನೇ ಮುಂದೆ ನಿಂತು ಮಾತಾಡುತ್ತಾಳೆ. ನೋಡಿದವರು ಮಾತಾಡಿದ್ದರಿಂದ ಹುಟ್ಟಿದ ಸಿನಿಮಾ ಅದು. ಎರಡನ್ನೂ ಒಂದೇ ಸಂಜೆ ತೋರಿಸಿ, ಮಧ್ಯೆ ಏನೂ ಹೇಳಬೇಡಿ.

ಮಾತು ನಮ್ಮ ಊರಿಗೆ ತಿರುಗಿಯೇ ತಿರುಗುತ್ತದೆ, ತಿರುಗಲಿ. ನವಲಗುಂದ ಕಡೆಯ ಹಿರಿಯರೊಬ್ಬರು 1980ರ ಜುಲೈ 21ರ ಮಾತು ತೆಗೆದರು. ಮಲಪ್ರಭಾ ಅಚ್ಚುಕಟ್ಟಿನ ಕರ, ರೈತರ ಬಂಡಾಯ, ನರಗುಂದ ನವಲಗುಂದದ ಗೋಲಿಬಾರ್. ಮುಷ್ಕರ ಮುಗಿದ ಮರುದಿನ ಹೊಲಕ್ಕೆ ಹೋಗುವುದು ಹೇಗಿರುತ್ತದೆ ಅಂತ ಅವರು ಹೇಳಿದಾಗ ಖೋಲಿಯಲ್ಲಿ ಉಸಿರಾಟವೂ ಕೇಳುತ್ತಿತ್ತು. ಆದರೆ ಒಂದು ಕೆಲಸ ನಡೆಸುವವರು ಮಾಡಬೇಕು. ಅಂಥ ಪ್ರತಿ ಮಾತಿನ ನಂತರ “ಇದು ಸಿನಿಮಾದ ಯಾವ ಜಾಗದಲ್ಲಿ ನೆನಪಾಯ್ತು?” ಅಂತ ಕೇಳಿ, ಆ ದೃಶ್ಯ ಮತ್ತೆ ಹಾಕಿ. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಈಗಿನ ಪಕ್ಷಗಳ ಜಗಳ ಬರುತ್ತದೆ. ಈಗಿನ ಯಾವ ರಾಜಕಾರಣಿಯ ಹೆಸರನ್ನೂ ನಾವು ಎತ್ತುವುದಿಲ್ಲ. ಇದಕ್ಕೆ ಕೆಲವರು ಮುನಿಸಿಕೊಂಡರು, ಒಬ್ಬರು ಬಿಟ್ಟೂ ಹೋದರು. ಆದರೂ ನಾನು ಬದಲಿಸಿಲ್ಲ.

ನಾಲ್ಕೈದು ತಿಂಗಳು ಕಳೆದ ಮೇಲೆ ಗೊದಾರ್ ಹಾಕಿ. 1972ರ ‘ತೂ ವಾ ಬಿಯಾಂ’ ಒಳ್ಳೆಯದು, ಇನ್ನೊಬ್ಬ ನಿರ್ದೇಶಕ ಗೊರಾಂ ಜೊತೆ ಸೇರಿ ಮಾಡಿದ್ದು. ಮಾಂಸದ ಕಾರ್ಖಾನೆಯಲ್ಲಿ ಕಾರ್ಮಿಕರು ಮ್ಯಾನೇಜರನನ್ನು ಅವನ ಖೋಲಿಯಲ್ಲೇ ಕೂಡಿ ಹಾಕುತ್ತಾರೆ. ಕಟ್ಟಡದ ಮುಂದಿನ ಗೋಡೆ ತೆಗೆದು ಎಲ್ಲ ಖೋಲಿಗಳನ್ನೂ ಒಟ್ಟಿಗೆ ತೋರಿಸುತ್ತಾರೆ, ನಮ್ಮ ಕಡೆ ದೊಡ್ಡಾಟದ ಅಟ್ಟ ಕಟ್ಟಿದ ಹಾಗೆ. “ಇದರ ಅರ್ಥ ಏನು?” ಅಂತ ಕೇಳಬೇಡಿ. “ಕ್ಯಾಮೆರಾ ಯಾರ ಹತ್ತಿರ ನಿಂತಿತು, ಯಾರನ್ನು ದಾಟಿ ಹೋಯಿತು?” ಅಂತ ಕೇಳಿ. ಅರ್ಥ ಆಗಲಿಲ್ಲ ಅಂದವರನ್ನು ಬಿಡಬೇಡಿ, ಎಲ್ಲಿಂದ ಅರ್ಥ ಆಗೋದು ನಿಂತಿತು ಅಂತ ಕೇಳಿ. ಎಷ್ಟೋ ಸಲ ಆ ಜಾಗದಲ್ಲೇ ನಿರ್ದೇಶಕರು ಬೇಕೆಂದೇ ಕಥೆಯನ್ನು ತಡೆದಿರುತ್ತಾರೆ, ಅಲ್ವಾ?

ಫ್ರೆಂಚ್ ನಿರ್ದೇಶಕಿ ಅನ್ಯೆಸ್ ವಾರ್ದಾ ಅವರ 2000ದ ಸಾಕ್ಷ್ಯಚಿತ್ರ ‘ದ ಗ್ಲೀನರ್ಸ್ ಅಂಡ್ ಐ’ಯನ್ನು ನಾನು ಎಲ್ಲಕ್ಕಿಂತ ಜಾಸ್ತಿ ಪ್ರೀತಿಸುತ್ತೇನೆ. ಅದರಲ್ಲಿ ಕೆಂಪು ಬಾವುಟ ಇಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಉಳಿದದ್ದನ್ನು ಆಯುವವರ ಕಥೆ. ಆ ಇಂಗ್ಲಿಷ್ ಹೆಸರಿಗೆ ನಿಘಂಟು ನೋಡುತ್ತಿದ್ದೆ, ಆಗ ನನ್ನ ಅವ್ವ ಹೇಳುತ್ತಿದ್ದ ಮಾತು ನೆನಪಾಯಿತು: ಹಕ್ಕಲು. ಲಕ್ಷ್ಮೇಶ್ವರದ ಹತ್ತಿರ ಶೇಂಗಾ ಹೊಲದಲ್ಲಿ ಅವ್ವನ ಜೊತೆ ನಾನೂ ಹಕ್ಕಲು ಆಯ್ದವಳು. ಫ್ರಾನ್ಸಿನಲ್ಲಿ ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮೊದಲು ಹೀಗೆ ಆಯಲು ಕಾನೂನಿನ ಹಕ್ಕಿದೆ ಅಂತ ಕಪ್ಪು ಕೋಟಿನ ವಕೀಲರೊಬ್ಬರು ಹೊಲದಲ್ಲೇ ನಿಂತು ಓದುತ್ತಾರೆ. ಅವತ್ತು ನಮ್ಮ ವಕೀಲರು ಏನೂ ಹೇಳದೆ ಎಲ್ಲರ ಮಾತು ಕೇಳಿಸಿಕೊಂಡರು. ಆ ದಿನ ಮೊದಲು ಮಾತಾಡಿದ್ದು ನಾನು.

ಕೊನೆಗೆ ತೀರ್ಮಾನ ಮಾಡಿ ಎದ್ದೇಳಬೇಡಿ. ಉತ್ತರ ಸಿಗದ ಒಂದು ಪ್ರಶ್ನೆಯನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಮುಂದಿನ ತಿಂಗಳು ಅದರಿಂದಲೇ ಶುರು ಮಾಡಿ. ಈಗ ನಮ್ಮ ಗೋಡೆ ಮೇಲೆ ಇರುವುದು ಕೆಳಗಿನ ಮನೆಯ ತಂಗಿಯ ಪ್ರಶ್ನೆ: “ಆ ಹುಡುಗಿ ಆಮ್ಯಾಲೆ ಏನಾದಳು?” ಎರ್ವೆ ಲೆ ರು ಎಂಬ ನಿರ್ದೇಶಕರು ಇದೇ ಪ್ರಶ್ನೆ ಹಿಡಿದು ಆಕೆಯ ಜೊತೆ ದುಡಿದವರನ್ನೆಲ್ಲ ಹುಡುಕಿ ಮಾತಾಡಿಸಿ 1996ರಲ್ಲಿ ಒಂದು ಸಿನಿಮಾ ಮಾಡಿದ್ದಾರೆ. ಮೂರು ಗಂಟೆಗೂ ಜಾಸ್ತಿ ಇದೆ. ಎರಡು ಶನಿವಾರ ಮಾಡಿ ನೋಡುತ್ತೇವೆ, ಕನ್ನಡ ಸಾಲುಗಳನ್ನು ಬರೆಯುತ್ತಿದ್ದೇನೆ.