ಎರಡು ಅಂತ್ಯ, ಎರಡು ಚೀಟಿ: 1932ರ ‘ಸ್ಕಾರ್‌ಫೇಸ್’ಗೆ ಪ್ರೇಕ್ಷಕರ ತೀರ್ಪು ಬರೆಸಿಕೊಂಡ ಬಗೆ

ಈ ಸಿನಿಮಾ ಹಾಕುತ್ತೇವೆ ಎಂದಾಗ ಫಿಲ್ಮ್ ಸೊಸೈಟಿ ನಡೆಸುವ ಗೆಳೆಯರಲ್ಲೇ ಹೆಚ್ಚಿನವರು ಬೇಡ ಎಂದಿದ್ದರು. ಕಪ್ಪು-ಬಿಳುಪು, ಪಾನನಿಷೇಧದ ಕಾಲದ ಶಿಕಾಗೊ, ಉಸಿರು ಬಿಡದೆ ಓಡುವ ಇಂಗ್ಲಿಷ್. 1983ರ ಬಣ್ಣದ ‘ಸ್ಕಾರ್‌ಫೇಸ್’ ಹಾಕಿ, ಕುರ್ಚಿ ತುಂಬುತ್ತದೆ ಎಂಬುದು ಅವರ ಸಲಹೆ. ಚೀಟಿಯಲ್ಲಿ ಅಭಿಪ್ರಾಯ ಬರೆಸಿಕೊಳ್ಳುವ ನನ್ನ ಪದ್ಧತಿಯ ಮೇಲಂತೂ ಯಾರಿಗೂ ನಂಬಿಕೆ ಇರಲಿಲ್ಲ. ‘ಚೆನ್ನಾಗಿತ್ತು ಅಂತ ಬರೆದು ಟೀ ಕುಡಿದು ಹೋಗ್ತಾರೆ, ಇನ್ನೇನು?’ ಎಂದರು. ಈಗ ಬೇರೆ ಬೇರೆ ಊರುಗಳಲ್ಲಿ ಇದೇ ಪದ್ಧತಿ ಫಲ ಕೊಟ್ಟಿದೆ. ಬೇಡ ಎಂದವರೇ ಚೀಟಿಯ ನಮೂನೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಸಿನಿಮಾವನ್ನೇ ಆರಿಸಲು ಕಾರಣ ಇದಕ್ಕೆ ಎರಡು ಅಂತ್ಯಗಳಿರುವುದು. ಹೊವಾರ್ಡ್ ಹ್ಯೂಸ್ ನಿರ್ಮಿಸಿ ಹೊವಾರ್ಡ್ ಹಾಕ್ಸ್ ನಿರ್ದೇಶಿಸಿದ ಇದನ್ನು ಹಾಲಿವುಡ್ಡಿನದೇ ಸೆನ್ಸಾರ್ ಕಚೇರಿಯಾದ ಹೇಸ್ ಆಫೀಸು ಸುಲಭಕ್ಕೆ ಬಿಡಲಿಲ್ಲ. ಹೆಸರಿನ ಜೊತೆ ‘ದ ಶೇಮ್ ಆಫ್ ದ ನೇಷನ್’ ಎಂದು ಸೇರಿತು. ಪತ್ರಿಕೆಯ ಮಾಲೀಕನೊಬ್ಬ ಊರಿನ ಗಣ್ಯರಿಗೆ ಉಪದೇಶ ಮಾಡುವ ದೃಶ್ಯ ಹೊಸದಾಗಿ ಬಂತು. ಕಥಾನಾಯಕನಾದ ರೌಡಿ ಟೋನಿ ಕಮಾಂಟೆ ಬೀದಿಯಲ್ಲಿ ಪೊಲೀಸರ ಗುಂಡೇಟಿಗೆ ಬೀಳುವ ಬದಲು ನ್ಯಾಯಾಲಯದಲ್ಲಿ ಶಿಕ್ಷೆಯಾಗಿ ನೇಣಿಗೇರುವ ಇನ್ನೊಂದು ಅಂತ್ಯವನ್ನೂ ಚಿತ್ರಿಸಿದರು. ಅಷ್ಟು ಮಾಡಿದರೂ ನ್ಯೂಯಾರ್ಕ್ ರಾಜ್ಯದ ಸೆನ್ಸಾರಿನವರು ಒಪ್ಪಲಿಲ್ಲ. ಕೊನೆಗೆ ಹ್ಯೂಸ್ ಸೆನ್ಸಾರ್ ಮಂಡಳಿ ಇಲ್ಲದ ರಾಜ್ಯಗಳಲ್ಲಿ ಮೊದಲ ಅಂತ್ಯವನ್ನೇ ಇಟ್ಟು ಬಿಡುಗಡೆ ಮಾಡಿದ. ಎರಡನೆಯ ಅಂತ್ಯ ಯೂನಿವರ್ಸಲ್ ಡಿವಿಡಿಯ ಹೆಚ್ಚುವರಿ ಭಾಗದಲ್ಲಿ ಸಿಗುತ್ತದೆ. ಯಾವುದು ಸರಿ ಎಂದು ಆಗ ತೀರ್ಮಾನಿಸಿದ್ದು ಮಂಡಳಿಗಳು. ಅದೇ ಪ್ರಶ್ನೆಯನ್ನು ಪ್ರೇಕ್ಷಕರ ಮುಂದಿಡಬೇಕು ಎಂಬುದು ನನ್ನ ಹಟ.

ಕನ್ನಡ ಸಬ್‌ಟೈಟಲ್ ಇಲ್ಲದೆ ಇದು ಆಗದ ಕೆಲಸ. ಸಮಯ ಕೂರಿಸುವುದು ನಿಮಗೆಲ್ಲ ಗೊತ್ತಿರುವುದೇ. ಕನ್ನಡದಲ್ಲಿ ಎಡವುವ ಜಾಗಗಳನ್ನಷ್ಟೇ ಹೇಳುತ್ತೇನೆ. ‘ಸೆಕೆಂಡಿಗೆ ಇಷ್ಟು ಅಕ್ಷರ’ ಎಂದು ತಂತ್ರಾಂಶ ತೋರಿಸುವುದು ಸಾಮಾನ್ಯವಾಗಿ ಯೂನಿಕೋಡ್ ಸಂಕೇತಗಳ, ಅಂದರೆ ಕಂಪ್ಯೂಟರು ಅಕ್ಷರವನ್ನು ಬಿಡಿಸಿಟ್ಟುಕೊಳ್ಳುವ ತುಣುಕುಗಳ ಎಣಿಕೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಅದಕ್ಕೆ ಆರು. ಅದನ್ನು ನಂಬಿದರೆ ಚೆನ್ನಾಗಿರುವ ಮಾತನ್ನು ಸುಮ್ಮನೆ ಕತ್ತರಿಸಬೇಕಾಗುತ್ತದೆ. ಕಣ್ಣಿಗೆ ಕಾಣುವ ಅಕ್ಷರಗಳನ್ನೇ ಎಣಿಸಿ. ಸೆಕೆಂಡಿಗೆ ಏಳೆಂಟು, ಸಾಲಿಗೆ ಇಪ್ಪತ್ತರ ಆಸುಪಾಸು, ಎರಡೇ ಸಾಲು. ಹಿಂದಿನ ಸಾಲಿನಲ್ಲಿ ಕೂತ ಹಿರಿಯರೂ ಓದಿ ಮುಗಿಸುತ್ತಾರೆ.

ಪೆನ್‌ಡ್ರೈವ್‌ನಿಂದ ನೇರ ಓದುವ ಪ್ರೊಜೆಕ್ಟರುಗಳಿಗೆ ಸಬ್‌ಟೈಟಲನ್ನು ಬೇರೆಯಾಗಿ ಇಡುವ ಎಸ್‌ಆರ್‌ಟಿ ಕಡತ ಕೊಡಬೇಡಿ. ಒತ್ತಕ್ಷರ ಒಡೆದು ಪಕ್ಕಕ್ಕೆ ಬರುತ್ತದೆ, ಇಲ್ಲವೇ ಬರೀ ಚೌಕಗಳು ಕಾಣುತ್ತವೆ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಚಿತ್ರದೊಳಗೇ ಅಚ್ಚೊತ್ತಿಸಿಬಿಟ್ಟರೆ ಯಾವ ಯಂತ್ರದಲ್ಲೂ ಕೆಡುವುದಿಲ್ಲ. ನೋಟೊ ಸಾನ್ಸ್ ಕನ್ನಡದ ದಪ್ಪ ಅಕ್ಷರ, ಸುತ್ತ ಕಪ್ಪು ಅಂಚು ಬೇಕೇ ಬೇಕು. ಈ ಸಿನಿಮಾದಲ್ಲಿ ಗಂಡಸರೆಲ್ಲ ಬಿಳಿ ಅಂಗಿಯವರು, ಅಂಚಿಲ್ಲದ ಬಿಳಿ ಅಕ್ಷರ ಅಂಗಿಯಲ್ಲೇ ಕರಗಿಹೋಗುತ್ತದೆ. ಇನ್ನೊಂದು ಕಾಟ ಫ್ರೇಮ್ ರೇಟಿನದು. ಸೆಕೆಂಡಿಗೆ 25 ಫ್ರೇಮಿನ ಪ್ಯಾಲ್ ಮಾದರಿಯ ಡಿಸ್ಕಿಗೆ 24 ಫ್ರೇಮಿನ ಸಬ್‌ಟೈಟಲ್ ಕೂರಿಸಿದರೆ ಶುರುವಿನಲ್ಲಿ ಸರಿಯಿದ್ದದ್ದು 93 ನಿಮಿಷದ ಕೊನೆಗೆ ಮೂರೂವರೆ ನಿಮಿಷಕ್ಕಿಂತ ಹೆಚ್ಚು ತಪ್ಪಿರುತ್ತದೆ. ಹಿಂದೆ ಮುಂದೆ ಸರಿಸಿ ಪ್ರಯೋಜನವಿಲ್ಲ, ರೇಟನ್ನೇ ಬದಲಿಸಬೇಕು.

ಟೋನಿಗೆ ಬೆಂಗಳೂರಿನ ರೌಡಿ ಭಾಷೆ ಕೊಡಿ ಎಂದವರಿದ್ದರು. ಕೊಡಲಿಲ್ಲ. ಕೊಟ್ಟರೆ ಜನ ನಮ್ಮ ಭೂಗತ ಲೋಕದ ಸಿನಿಮಾಗಳನ್ನು ನೆನೆದು ಅವಕ್ಕೆ ತೀರ್ಪು ಬರೆಯುತ್ತಾರೆ. ಸಾದಾ ಮಾತು ಸಾಕು. ಯಜಮಾನ ಜಾನಿ ಲೋವೊನನ್ನು ಟೋನಿ ‘ನೀವು’ ಎನ್ನುತ್ತಾ ಬರುತ್ತಾನೆ. ಕ್ಲಬ್ಬಿನಲ್ಲಿ ಲೋವೊನ ಪ್ರೇಯಸಿ ಪಾಪಿ (Poppy) ತನ್ನ ಸಿಗರೇಟಿಗೆ ಲೋವೊನ ಕಡ್ಡಿ ಬಿಟ್ಟು ಟೋನಿಯ ಕಡ್ಡಿಯ ಬೆಂಕಿ ತಗೊಳ್ಳುವ ಗಳಿಗೆಯಿಂದ ‘ನೀನು’ ಆಗುತ್ತಾನೆ. ಮುಂದೆ ಪ್ರಾಣಭಿಕ್ಷೆ ಬೇಡುವಾಗ ಲೋವೊನೇ ಬಹುವಚನಕ್ಕೆ ಬರುತ್ತಾನೆ. ಇಷ್ಟು ಕೆಲಸಕ್ಕೆ ಒಂದು ಪುಟ ವಿವರಣೆ ಉಳಿಯಿತು.

ಹಿನ್ನೆಲೆ ತಿಳಿಸಲು ಭಾಷಣ ಇಟ್ಟರೆ ಕೆಡುತ್ತದೆ. ಆ ಕಾಲದ ಶಿಕಾಗೊ ಭೂಗತ ದೊರೆ ಅಲ್ ಕಪೋನ್ ಎಂಬ ಹೆಸರು ಮೊದಲೇ ಕಿವಿಗೆ ಬಿದ್ದರೆ ಜನ ಇದನ್ನು ಅವನ ಜೀವನಚರಿತ್ರೆ ಎಂದುಕೊಂಡು ನಿಜ ಸುಳ್ಳು ಅಳೆಯಲು ಕೂರುತ್ತಾರೆ. ಭಾಷಣವೇ ಇಲ್ಲದಿದ್ದರೆ ಬಿಯರ್ ಪೀಪಾಯಿಗೆ ಇಷ್ಟು ಹೆಣ ಯಾಕೆ ಬೀಳುತ್ತವೆ ಎಂದು ಅರ್ಥವಾಗುವುದಿಲ್ಲ. ಹಾಗಾಗಿ ಆರಂಭಕ್ಕೆ ಒಂದೇ ಫಲಕ: ‘1920ರಿಂದ 1933ರವರೆಗೆ ಅಮೆರಿಕದಲ್ಲಿ ಮದ್ಯ ತಯಾರಿಸುವುದು, ಸಾಗಿಸುವುದು, ಮಾರುವುದು ಅಪರಾಧ. ಈ ಸಿನಿಮಾ ಬಂದಾಗ ಆ ಕಾನೂನು ಜಾರಿಯಲ್ಲಿತ್ತು.’ ಎಂಟು ಸೆಕೆಂಡು ಸಾಲದು, ಹದಿನೈದು ಇಡಿ.

ಧ್ವನಿಗೆ ಬದಿಯ ಎರಡು ಸ್ಪೀಕರ್ ಬೇಡ. ಇದು ಮಾನೊ ಧ್ವನಿ. ಪರದೆಯ ಕೆಳಗೆ ನಡುವೆ ಒಂದೇ ಸ್ಪೀಕರ್ ಇಟ್ಟು ತಗ್ಗಿನ ಗುಂಯ್‌ಗುಡುವಿಕೆ ಕತ್ತರಿಸಿ. ಮಷೀನ್‌ಗನ್ ಸದ್ದಿಗೆ ಹೆದರಿ ಮಟ್ಟ ಇಳಿಸಿಬಿಟ್ಟರೆ ಮೊದಲ ಕೊಲೆಗೆ ಮುಂಚೆ ಕೇಳುವ ಶಿಳ್ಳೆ ಸಿಗುವುದಿಲ್ಲ. ಗೋಡೆಯ ಮೇಲೆ ನೆರಳು ಮಾತ್ರ, ಬಾಯಲ್ಲಿ ‘ಲುಚಿಯಾ ದಿ ಲಾಮರ್‌ಮೂರ್’ ಒಪೆರಾದ ಧಾಟಿ. ಆ ಶಿಳ್ಳೆ ತಪ್ಪಿದವರಿಗೆ ಮುಂದೆ ಅದೇ ಧಾಟಿ ಬಂದಾಗ ಮೈ ಜುಮ್ಮೆನ್ನುವುದಿಲ್ಲ. ಇದನ್ನು ಸಭಾಂಗಣ ಖಾಲಿ ಇರುವಾಗ ಹಿಂದಿನ ಮೂಲೆಯಲ್ಲಿ ನಿಂತು ಕೇಳಿಯೇ ಹೊಂದಿಸಿ. ಜನ ತುಂಬಿದ ಮೇಲೆ ಇನ್ನೂ ಸ್ವಲ್ಪ ಏರಿಸಬೇಕಾಗುತ್ತದೆ.

ಇನ್ನು ಚೀಟಿ. ಕೈ ಎತ್ತಿಸುವುದು ವ್ಯರ್ಥ, ಮುಂದಿನ ಸಾಲಿನ ಹಿರಿಯರ ಕೈ ಹೋದ ಕಡೆ ಎಲ್ಲರ ಕೈ. ಐದು ನಕ್ಷತ್ರ ಕೊಟ್ಟರೆ ಎಲ್ಲರೂ ನಾಲ್ಕಕ್ಕೆ ಗುರುತು ಹಾಕುತ್ತಾರೆ. ಹತ್ತು ಪ್ರಶ್ನೆಯ ಹಾಳೆಯಲ್ಲಿ ಐದರ ನಂತರ ಖಾಲಿ. ಮೊಬೈಲಿನಲ್ಲಿ ತುಂಬುವ ಫಾರಂ ಕಳಿಸಿದರೆ ಐದರಲ್ಲಿ ಒಬ್ಬರು ತುಂಬಿದರೆ ಹೆಚ್ಚು. ನಿಂತದ್ದು ಹೀಗೆ: ಎ4 ಹಾಳೆಯ ಕಾಲು ಭಾಗ, ಹಳದಿ ಒಂದು, ಗುಲಾಬಿ ಒಂದು, ಜೊತೆಗೆ ಅರ್ಧಕ್ಕೆ ಕತ್ತರಿಸಿದ ಪೆನ್ಸಿಲ್. ಹೆಸರು ಬೇಡ, ವಯಸ್ಸಿನ ಗುಂಪು ಸಾಕು. ಮೊದಲ ಅಂತ್ಯ ಮುಗಿದ ಕೂಡಲೇ ಹಳದಿ ಚೀಟಿ: ಮನಸ್ಸಿನಲ್ಲಿ ಉಳಿದ ಒಂದು ಕ್ಷಣ ಯಾವುದು, ಟೋನಿಗೆ ತಕ್ಕ ಕೊನೆ ಸಿಕ್ಕಿತೇ. ಆಗ ಟ್ಯೂಬ್‌ಲೈಟ್ ಹಾಕಲೇಬಾರದು, ಹಾಕಿದರೆ ಮಾತು ಶುರುವಾಗುತ್ತದೆ. ಎರಡು ಗೋಡೆಗೂ ಜೀರೋ ಬಲ್ಬ್ ಇಡಿ, ಬರೆಯುವಷ್ಟು ಬೆಳಕು ಬರುತ್ತದೆ. ಡಬ್ಬ ಒಂದು ಸುತ್ತು ಬಂದ ಮೇಲೆ ಎರಡನೆಯ ಅಂತ್ಯ, ಗುಲಾಬಿ ಚೀಟಿ, ಆಮೇಲೆ ಟೀ. ಟೀ ಮೊದಲಾದರೆ ಅಭಿಪ್ರಾಯಗಳೆಲ್ಲ ಒಂದೇ ಬಣ್ಣಕ್ಕೆ ತಿರುಗುತ್ತವೆ. ಗುಲಾಬಿ ಚೀಟಿಯಲ್ಲಿ ಇನ್ನೊಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಗೊತ್ತಾದರೆ ಮುಂದಿನ ಪ್ರದರ್ಶನಕ್ಕೆ ಬರುವವರು ಉತ್ತರ ಹೊಂದಿಸಿಕೊಂಡೇ ಬರುತ್ತಾರೆ.

ತೀರ್ಪು ಏನು ಬಂತು? ಸುಮಾರು ಮುಕ್ಕಾಲು ಪಾಲು ಜನ ಬೀದಿಯ ಸಾವನ್ನೇ ಆರಿಸಿದರು. ಕಾರಣವನ್ನು ಚೊಕ್ಕವಾಗಿ ಬರೆದರು. ನೇಣಿನ ಅಂತ್ಯದಲ್ಲಿ ಟೋನಿಯ ಪಾತ್ರ ಮಾಡಿದ ಪಾಲ್ ಮುನಿ ಇಲ್ಲವೇ ಇಲ್ಲ. ನ್ಯಾಯಾಧೀಶ ಕ್ಯಾಮೆರಾ ನೋಡಿ ತೀರ್ಪು ಓದುತ್ತಾನೆ, ಅಪರಾಧಿಯ ಮುಖ ಕಾಣುವುದೇ ಇಲ್ಲ. ‘ಯಾರನ್ನು ನೇಣಿಗೆ ಹಾಕಿದಿರಿ?’ ಎಂದು ಒಂದು ಚೀಟಿ ಕೇಳಿತ್ತು. ಬೀದಿಯಲ್ಲಾದರೆ ಕೇಡಿಗನ ಜಂಬ ಇಳಿದು ಅವನು ಅಂಗಲಾಚುವುದನ್ನು ನೋಡುತ್ತೇವೆ. ಬಿದ್ದವನ ಮೇಲೆ ‘ಜಗತ್ತು ನಿನ್ನದು’ ಎಂಬ ದೀಪದ ಫಲಕ ಉರಿಯುತ್ತಿರುತ್ತದೆ. ನೇಣಿನ ಪರ ಬರೆದವರ ವಾದವೂ ಗಟ್ಟಿ: ಪೊಲೀಸರು ಗುಂಡು ಹೊಡೆದರೆ ಅದು ಗುಂಪುಗಳ ಹೊಡೆದಾಟದ ಮುಂದುವರಿಕೆ, ಕಾನೂನಿನ ಮಾತು ನ್ಯಾಯಾಲಯದಿಂದ ಬರಬೇಕು. ಈ ಮಾತನ್ನು ಯಾವ ಚರ್ಚೆಯಲ್ಲೂ ಎದ್ದು ನಿಂತು ಹೇಳಿದವರಿರಲಿಲ್ಲ. ಚೀಟಿಯಲ್ಲಿ ಬಂತು.

ಮನಸ್ಸಿನಲ್ಲಿ ಉಳಿದ ಕ್ಷಣಕ್ಕೆ ಬಂದೂಕಿನ ದೃಶ್ಯಗಳೇ ತುಂಬುತ್ತವೆ ಎಂದವರ ಎಣಿಕೆ ಸುಳ್ಳಾಯಿತು. ಟೋನಿಯ ಬಲಗೈ ಬಂಟ ರಿನಾಲ್ಡೊ ಸಾಯುವಾಗ ಮೇಲಕ್ಕೆ ಚಿಮ್ಮಿದ ನಾಣ್ಯ ಮತ್ತೆ ಕೈಗೆ ಬೀಳದೆ ಹೋಗುವುದನ್ನೂ, ತಂಗಿ ಚೆಸ್ಕಾಳ ಮೇಲೆ ಟೋನಿಗಿರುವ ಅಸಹಜ ಹಿಡಿತವನ್ನೂ ಬಹಳ ಜನ ಬರೆದರು. ಹೆಂಗಸರ ಚೀಟಿಗಳಲ್ಲಿ ಚೆಸ್ಕಾಳ ಹೆಸರು ಹೆಚ್ಚು.

ಇದರ ನಡುವೆ ಬೇರೆ ಪ್ರಯೋಗಗಳೂ ನಡೆದವು. ಅಂತ್ಯಗಳ ಸರದಿ ಅದಲುಬದಲು ಮಾಡಿದಾಗ, ಮೊದಲು ತೋರಿಸಿದ್ದಕ್ಕೆ ಒಲವು ಏರುತ್ತದೆ. ಆದ್ದರಿಂದ ಊರಿಂದೂರಿಗೆ ಸರದಿ ಬದಲಿಸಿ, ಒಟ್ಟು ಲೆಕ್ಕ ನೋಡಿ. ಪತ್ರಿಕೆ ಮಾಲೀಕನ ಉಪದೇಶ ತೆಗೆದು ತೋರಿಸಿದರೆ ಕಥೆ ಎಲ್ಲೂ ಕಡಿಯುವುದಿಲ್ಲ, ‘ನಡುವೆ ಬೋರು’ ಎಂಬ ದೂರು ನಿಲ್ಲುತ್ತದೆ. ಇನ್ನೊಮ್ಮೆ ಸಾವಿಗೆ ಮುಂಚೆ ಬರುವ ಗುಣಾಕಾರದ (X) ಗುರುತನ್ನು ಹುಡುಕಲು ಕಾಲೇಜು ಹುಡುಗರಿಗೆ ಹೇಳಿದ್ದಾಯಿತು. ವ್ಯಾಲೆಂಟೈನ್ ದಿನದ ಏಳು ಜನರ ಹತ್ಯೆಯಲ್ಲಿ ಮಾಡಿನ ತೊಲೆಯ ಏಳು ಗುರುತು, ಎದುರಾಳಿ ಗುಂಪಿನವನಾಗಿ ನಟಿಸಿದ ಬೋರಿಸ್ ಕಾರ್ಲಾಫ್ ಬೋಲಿಂಗ್ ಆಡುವಾಗ ಅಂಕದ ಹಾಳೆಯಲ್ಲಿ ಬೀಳುವ ಗುರುತು, ರಿನಾಲ್ಡೊನ ಬಾಗಿಲಿನ ರೋಮನ್ ಹತ್ತು. ಎಲ್ಲ ಸಿಕ್ಕವು, ಆದರೆ ಅವರ ಚೀಟಿಗಳಲ್ಲಿ ಬೇರೇನೂ ಇರಲಿಲ್ಲ. ಆ ಆಟ ತೀರ್ಪಿನ ಪ್ರದರ್ಶನಕ್ಕೆ ಬೇಡ, ಬೇರೆ ದಿನಕ್ಕಿಡಿ.

ದುಡ್ಡಿನ ವಿಷಯ. ಸಭಾಂಗಣಕ್ಕೆ ಎರಡೂವರೆ ಮೂರು ಸಾವಿರ, ಪ್ರೊಜೆಕ್ಟರ್ ಬಾಡಿಗೆ ಒಂದೂವರೆ ಸಾವಿರದ ಸುಮಾರು, ಸ್ಪೀಕರಿಗೆ ಎಂಟುನೂರು, ಚೀಟಿ ಪೆನ್ಸಿಲಿಗೆ ಇನ್ನೂರೈವತ್ತು, ಟೀ ತಲೆಗೆ ಹತ್ತು. ಎಪ್ಪತ್ತು ಜನ ಬಂದು ತಲೆಗೆ ಐವತ್ತು ಕೊಟ್ಟರೂ ಎರಡೂವರೆ ಸಾವಿರದಷ್ಟು ಕೈಯಿಂದಲೇ ಬೀಳುತ್ತದೆ. ಊರಿನ ಕಾಲೇಜು ಸಭಾಂಗಣ ಪುಕ್ಕಟೆ ಕೊಟ್ಟರೆ ಮಾತ್ರ ಸರಿತೂಗುತ್ತದೆ. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ, ಹಾಗಾಗಿ 1932ರ ಈ ಚಿತ್ರಕ್ಕೆ ಹಕ್ಕಿನ ಹಣ ಕಟ್ಟುವ ಪ್ರಮೇಯ ಬರಲಿಲ್ಲ. ಬಣ್ಣದ ‘ಸ್ಕಾರ್‌ಫೇಸ್’ ಹಾಕಿ ಎಂದವರು ಈ ಲೆಕ್ಕ ಹಾಕಿರಲಿಲ್ಲ.

ಚೀಟಿ ಎಣಿಸುವುದನ್ನು ಅದೇ ರಾತ್ರಿ ಮುಗಿಸಿ, ಒಬ್ಬರು ಓದಿ ಇನ್ನೊಬ್ಬರು ಬರೆದುಕೊಳ್ಳಲಿ. ಖಾಲಿ ಚೀಟಿ ಎಸೆಯಬೇಡಿ, ಬೇರೆ ಕಟ್ಟಿಡಿ. ಹಳದಿ ತುಂಬಿ ಗುಲಾಬಿ ಖಾಲಿ ಬಿಟ್ಟವರು ಹೆಚ್ಚಿದ್ದರೆ ಎರಡನೆಯ ಅಂತ್ಯಕ್ಕೆ ಮುಂಚೆ ಬಿಟ್ಟ ಸಮಯ ಉದ್ದವಾಗಿದೆ ಎಂದರ್ಥ, ಮುಂದಿನ ಸಲ ನಾಲ್ಕು ನಿಮಿಷಕ್ಕೆ ಇಳಿಸಿ.